ಗುದ್ದಲಿಗಿಂತ ಮೊದಲು ಮಡಕೆ

“ಗುರುಗಳೇ, ಹಳೆಯದನ್ನು ಕಿತ್ತು ಹೊಸದನ್ನು ಕಟ್ಟಬೇಕಾದವನು ಊರು ಮುಟ್ಟಿದ ದಿನವೇ ಕೆಲಸ ಶುರು ಮಾಡಿದರೆ ತಪ್ಪೇನು?”

ಕೇಳಿದವನು ಚನ್ನವೀರ. ದೂರದ ಹಳ್ಳಿಯೊಂದರ ಪಾಠಶಾಲೆಯನ್ನು ಗುರುಗಳು ಅವನಿಗೆ ವಹಿಸಿದ್ದರು. ಹೊರಡಲು ಗಾಡಿ ಬಾಗಿಲಲ್ಲಿ ನಿಂತಿತ್ತು. ಅಲ್ಲಿ ಏನೇನನ್ನು ಬದಲಾಯಿಸಬೇಕು ಎಂಬ ಹದಿನಾಲ್ಕು ಅಂಶಗಳ ಪಟ್ಟಿ ಅವನ ಕೈಯಲ್ಲಿತ್ತು.

“ತಪ್ಪು ಒಪ್ಪು ಆಮೇಲೆ ನೋಡೋಣ, ಕೂತುಕೋ” ಎಂದರು ಗುರುಗಳು. “ಒಂದು ಕತೆ ಹೇಳುತ್ತೇನೆ. ಎತ್ತುಗಳಿಗೂ ಮೇಯಲು ಅಷ್ಟು ಹೊತ್ತು ಸಿಗಲಿ.”

ಗುಡ್ಡದ ಬುಡದಲ್ಲಿ ಒಂದು ಪೇಟೆ ಇತ್ತು. ಗುಡ್ಡದ ಮೇಲೆ ಕೆರೆ. ಕೆರೆಯ ನೀರು ಮಣ್ಣಿನ ಕೊಳವೆಯೊಳಗೆ ನೆಲದಡಿಯಲ್ಲೇ ಹರಿದು ಪೇಟೆಯ ಏಳು ತೊಟ್ಟಿಗಳಿಗೆ ಬರುತ್ತಿತ್ತು. ಕೊಳವೆ ಹೂಳಿದವರು ಸತ್ತು ನೂರು ವರ್ಷವಾಗಿತ್ತು. ಅಂಥ ಕೊಳವೆ ಮಾಡುವ ವಿದ್ಯೆಯೂ ಅವರ ಜೊತೆಗೇ ಹೋಗಿತ್ತು. ಜನ ನೀರು ಕುಡಿಯುತ್ತಿದ್ದರು, ಕೊಳವೆಯನ್ನು ಮರೆತಿದ್ದರು. ಹೊಟ್ಟೆ ತುಂಬಿದವನು ಒಲೆಯನ್ನು ನೆನೆಯುತ್ತಾನೆಯೇ?

ಆ ಪೇಟೆಯ ವ್ಯಾಪಾರಿಯೊಬ್ಬ ದಾರಿಹೋಕರಿಗಾಗಿ ಛತ್ರ ಕಟ್ಟಿಸುವ ಹರಕೆ ಹೊತ್ತ. ಒಳ್ಳೆಯ ಮನುಷ್ಯ. ಆದರೆ ತನಗೆ ಗೊತ್ತಿಲ್ಲದ್ದು ಲೋಕದಲ್ಲಿ ಇರಲಾರದು ಎಂದುಕೊಂಡವನು. ಪೇಟೆಗೂ ಗುಡ್ಡಕ್ಕೂ ನಡುವಿನ ಬಯಲಿನಲ್ಲಿ ಜಾಗ ಗುರುತಿಸಿದ. ಫಾಲ್ಗುಣದಲ್ಲಿ ಗುದ್ದಲಿ ಪೂಜೆಗೆ ಮುಹೂರ್ತ ಇಡಿಸಿದ. ಆಗಲೇ ಬಾವಿಗಳ ತಳ ಕಾಣುತ್ತಿತ್ತು. ಮಳೆಗೆ ಇನ್ನೂ ಮೂರು ತಿಂಗಳಿತ್ತು.

ಪೂಜೆಯ ಬೆಳಿಗ್ಗೆ ಊರೆಲ್ಲ ಸೇರಿತು. ಡೊಳ್ಳು ಮೊಳಗುತ್ತಿತ್ತು. ಒಡ್ಡರು ಗುದ್ದಲಿಗೆ ಕುಂಕುಮ ಹಚ್ಚಿ ನಿಂತಿದ್ದರು. ಆಗ ಒಬ್ಬ ಕುಂಬಾರತಿ ಮುಂದೆ ಬಂದಳು.

“ಧಣೀ, ಅಗೆಯೋಕೆ ಮುಂಚೆ ಕೊಳವೆ ಎಲ್ಲಿದೆ ಅಂತ ನೋಡಿಬಿಡೋಣ. ನಮ್ಮ ಹಿರೀಕರು ಸುಟ್ಟ ಕೊಳವೆ ಅದು. ಒಂದು ಏಟು ಬಿದ್ರೆ ಸಾಕು, ಈ ಬ್ಯಾಸಿಗೇಲಿ ಊರಿಗೆ ಊರೇ ಬಾಯಿ ಬಾಯಿ ಬಿಡ್ತದೆ.”

ವ್ಯಾಪಾರಿ ನಕ್ಕ. “ಕೊಳವೆ ಬೇವಿನ ಮರದ ಬುಡದಲ್ಲಿ ಹಾದುಹೋಗ್ತದೆ. ನಮ್ಮ ಅಜ್ಜನೇ ಹೇಳಿದ್ದ. ಅದಕ್ಕೇ ಮರದಿಂದ ಹನ್ನೆರಡು ಮೊಳ ದೂರ ಬಂದಿದ್ದೀನಿ. ನಿನಗೆ ಮಡಕೆ ಗೊತ್ತು ತಾಯಿ, ನೆಲ ಏನು ಗೊತ್ತು?”

ಜನವೂ ನಕ್ಕರು. ಹಿತ್ತಲ ಗಿಡ ಮದ್ದಲ್ಲ ಅಲ್ಲವೇ. ಕುಂಬಾರತಿ ಕದಲಲಿಲ್ಲ. ಡೊಳ್ಳು ನಿಂತಿತು. ವ್ಯಾಪಾರಿಗೆ ಸಿಟ್ಟು ಬಂತು.

“ಆಗಲಿ, ಹುಡುಕು. ಮುಹೂರ್ತ ಮೀರೋದ್ರೊಳಗೆ ಕೊಳವೆ ತೋರಿಸು. ತೋರಿಸದೆ ಹೋದರೆ ನಾಳೆಯಿಂದ ನಿನ್ನ ಆವಿಗೆಯ ಹೊಗೆ ಈ ಊರಲ್ಲಿ ಏಳಬಾರದು.”

ಮಡಕೆ ಸುಡುವ ಆ ಆವಿಗೆಯೇ ಅವಳ ಅನ್ನ. ಆದರೂ ಅವಳು ಒಪ್ಪಿದಳು. ಹೆದರಿಕೆ ಇರಲಿಲ್ಲ ಎಂದು ನಾನು ಹೇಳುವುದಿಲ್ಲ.

ಅವಳು ಕೇಳಿದ್ದು ಎರಡೇ. ಒಂದು, ಊರು ಸದ್ದು ಮಾಡಬಾರದು. ಎರಡು, ತಾನು ಕೈ ಎತ್ತಿದಾಗ ಪೇಟೆಯ ತೊಟ್ಟಿಗಳಿಗೆ ನೀರು ಬೀಳುವ ಬಾಯಿಯ ಬೆಣೆ ತೆಗೆಯಬೇಕು, ಇಳಿಸಿದಾಗ ಹಾಕಬೇಕು. ಒನಕೆ ನಿಂತಿತು. ಕಮ್ಮಾರನ ಸುತ್ತಿಗೆ ನಿಂತಿತು. ಕುಂಬಾರತಿ ಬೇವಿನ ಬುಡದಲ್ಲಿ ಒಂದು ಬರಿಯ ಮಡಕೆಯನ್ನು ಬೋರಲು ಹಾಕಿ, ಅದರ ತಳಕ್ಕೆ ಕಿವಿಯಿಟ್ಟು, ಕೈ ಎತ್ತಿದಳು. ಏನೂ ಕೇಳಿಸಲಿಲ್ಲ.

ಒಂದು ಮೊಳ ಸರಿದಳು. ಮತ್ತೊಂದು ಮೊಳ. ಹೊತ್ತು ಏರಿತು. ಪುರೋಹಿತ ನೆರಳು ಅಳೆದು ತಲೆಯಾಡಿಸಿದ. ಹನ್ನೊಂದು ಮೊಳದವರೆಗೂ ನೆಲ ಮೂಕವಾಗಿತ್ತು. ಹನ್ನೆರಡನೆಯ ಮೊಳದಲ್ಲಿ, ಮೊದಲ ಗುದ್ದಲಿ ಬೀಳಬೇಕೆಂದು ಅರಿಸಿನ ಹಾಕಿದ್ದ ಜಾಗದಲ್ಲೇ, ಅವಳು ಮಡಕೆ ಬೋರಲು ಹಾಕಿದಳು. ಕೈ ಎತ್ತಿದಳು, ಇಳಿಸಿದಳು, ಮತ್ತೆ ಎತ್ತಿದಳು. ಆಮೇಲೆ ಎದ್ದು ವ್ಯಾಪಾರಿಗೆ ಹೇಳಿದಳು:

“ನನ್ನ ಮಾತು ನಂಬಬೇಡಿ ಧಣೀ. ನೀವೇ ಕೇಳಿ.”

ವ್ಯಾಪಾರಿ ಜರಿ ಶಲ್ಯ ತೆಗೆದಿಟ್ಟು ಮಣ್ಣಿನಲ್ಲಿ ಮಲಗಿದ. ಕಿವಿಯಿಟ್ಟು ಕೈ ಎತ್ತಿದ. ನೆಲದೊಳಗೆ ನೀರು ಗುಳುಗುಳು ಎಂದಿತು. ಕೈ ಇಳಿಸಿದ. ನಿಂತಿತು. ಮೂರು ಸಲ ಎತ್ತಿದ, ಮೂರು ಸಲವೂ ನೀರು ಓಗೊಟ್ಟಿತು. ಅವನು ಎದ್ದಾಗ ಕಣ್ಣು ತುಂಬಿತ್ತು.

“ನಮ್ಮಜ್ಜ ಸುಳ್ಳು ಹೇಳಿದನೇ?”

“ಅಜ್ಜ ನಿಜಾನೇ ಹೇಳಿದ್ದು. ಅವರು ಹೇಳಿದ ಬೇವಿನ ಮರ ಇಲ್ಲಿತ್ತು, ಬಿದ್ದುಹೋಯ್ತು. ಈಗ ಅಲ್ಲಿ ನಿಂತಿರೋ ಮರ ನೋಡಿ, ಅದಕ್ಕೆ ನಿಮ್ಮಷ್ಟೇ ವಯಸ್ಸು.”

ವ್ಯಾಪಾರಿ ಪುರೋಹಿತನ ಮುಖ ನೋಡಿದ. ಕುಂಬಾರತಿಯೇ ನಗುತ್ತಾ ಹೇಳಿದಳು, ಮುಹೂರ್ತ ಹೊತ್ತಿಗೆ ಇಟ್ಟದ್ದು, ಜಾಗಕ್ಕಲ್ಲ, ಇಪ್ಪತ್ತು ಮೊಳ ಆಚೆ ಅಗೆಯಿರಿ ಎಂದು. ಅಲ್ಲೂ ಮಡಕೆಯಿಟ್ಟು ಕೇಳಿದರು. ನೆಲ ಸುಮ್ಮನಿತ್ತು. ಒಡ್ಡರು ಗುದ್ದಲಿ ಎತ್ತಿದರು, ಡೊಳ್ಳು ಮತ್ತೆ ಎದ್ದಿತು, ಮುಹೂರ್ತ ಮೀರಲಿಲ್ಲ.

ಅಂದು ಸಂಜೆಯೊಳಗೆ ಮಡಕೆ ಗುಡ್ಡದ ಬುಡದಿಂದ ಏಳನೆಯ ತೊಟ್ಟಿಯವರೆಗೆ ನಡೆಯಿತು. ಅವಳು ಕಿವಿಯಿಟ್ಟ ಕಡೆಯಲ್ಲೆಲ್ಲ ಹೆಂಗಸರು ರಂಗೋಲಿ ಎಳೆದರು. ನೂರು ವರ್ಷ ಕಣ್ಣಿಗೆ ಬೀಳದ ದಾರಿ ಬಯಲಿನ ಮೇಲೆ ಬೆಳ್ಳಗೆ ಎದ್ದು ಕಂಡಿತು. ಜನ ಅದರ ಪಕ್ಕದಲ್ಲಿ ಕೂಗುತ್ತಾ ಕುಣಿಯುತ್ತಾ ನಡೆದರು. ರಂಗೋಲಿ ಗಾಳಿಗೆ ಹೋಗುವ ಮೊದಲೇ ವ್ಯಾಪಾರಿ ಗೆರೆಯುದ್ದಕ್ಕೂ ಕಲ್ಲು ನೆಡಿಸಿದ. ಛತ್ರದ ಗೋಡೆಯ ಮೇಲೆ ಕೊಳವೆಯ ಪೂರ್ತಿ ದಾರಿಯನ್ನು ಕೆತ್ತಿಸಿದ. ಅದರಲ್ಲಿ ಒಂದು ಮರವನ್ನೂ ಗುರುತಾಗಿ ಹಾಕಿಸಲಿಲ್ಲ.

ಆ ಬೇಸಿಗೆ ಸುತ್ತಲಿನ ಬಾವಿಗಳೆಲ್ಲ ಬತ್ತಿದವು. ಆ ಪೇಟೆಯ ಏಳು ತೊಟ್ಟಿಗಳಲ್ಲಿ ಒಂದೂ ಬತ್ತಲಿಲ್ಲ. ಛತ್ರಕ್ಕೆ ಬಂದ ಮೊದಲ ದಾರಿಹೋಕನಿಗೆ ವ್ಯಾಪಾರಿ ತಾನೇ ನೀರು ಕೊಟ್ಟ, ಆ ಕುಂಬಾರತಿ ಮಾಡಿದ ಮಡಕೆಯಿಂದ. ಅಂದಿನಿಂದ ಆ ಊರಲ್ಲಿ ಗುದ್ದಲಿ ಪೂಜೆಯ ಕುಂಕುಮ ಮೊದಲು ಮಡಕೆಗೆ, ಆಮೇಲೆ ಗುದ್ದಲಿಗೆ.

ಕತೆ ಮುಗಿಯಿತು. ಚನ್ನವೀರನ ಮುಖ ಅರಳಿತ್ತು.

“ಎಂಥ ಹೆಂಗಸು ಗುರುಗಳೇ! ಆ ವ್ಯಾಪಾರಿಗೆ ಅಷ್ಟೂ ತಿಳಿಯಬಾರದಿತ್ತೇ?” ಎಂದ.

ಗುರುಗಳು ಅವನ ಕೈಯಲ್ಲಿದ್ದ ಕಾಗದದ ಕಡೆ ನೋಡಿದರು.

“ಈ ಹದಿನಾಲ್ಕನ್ನು ಬರೆಯುವ ಮೊದಲು ಆ ಹಳ್ಳಿಯ ನೆಲಕ್ಕೆ ಎಷ್ಟು ಸಲ ಕಿವಿಯಿಟ್ಟಿದ್ದೆ, ಮಗೂ?”

ಚನ್ನವೀರ ಪಟ್ಟಿಯನ್ನು ಗುರುಗಳ ಮುಂದಿಟ್ಟು ಬರಿಗೈಯಲ್ಲಿ ಗಾಡಿ ಹತ್ತಿದ.