ಇಲಿ ಮೂಸಿದ ಕಾದಂಬರಿ

ಬಿಲಕ್ಕೆ ಚರಂಡಿ ನೀರು ನುಗ್ಗಿದ್ದರಿಂದ ಹೆಣ್ಣಿಲಿಯೊಂದು ತೊಯ್ದ ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಬಂದು ವಾಚನಾಲಯದ ಕಪಾಟಿನಲ್ಲಿ ಇಳಿಸಿತು. ಮರಿಗಳು ಚಳಿಗೆ ನಡುಗುತ್ತಿದ್ದವು. ಹಾಸಲು ಕಾಗದ ಬೇಕೆಂದು ಅದು ಹೊಸ ಕಾದಂಬರಿಯೊಂದಕ್ಕೆ ಬಾಯಿ ಹಾಕಿತು.

"ನಿಲ್ಲು ಇಲಿಯಮ್ಮ," ಎಂದಿತು ಕಾದಂಬರಿ. "ಲೋಕವೇ ಹಾಳಾದ ಮೇಲೆ ಹುಡುಗಿಯೊಬ್ಬಳು ಬದುಕುಳಿದ ಕಥೆ ನಾನು. ನಿನ್ನಂಥವರಿಗೆಂದೇ ಬರೆದದ್ದು."

"ಹಾಗಾದರೆ ತಡಿ," ಎಂದು ಇಲಿ ಅದನ್ನು ಮೂಸಿತು. "ಆಪತ್ತಿನಿಂದ ಪಾರಾಗಿ ಬಂದವರ ಬಾಯಿಯನ್ನು ನಾವು ಮೊದಲು ಮೂಸುತ್ತೇವೆ. ಏನು ತಿಂದು ಬದುಕಿದರೆಂದು ಉಳಿದವರಿಗೆ ತಿಳಿಯಬೇಕಲ್ಲ. ನಿನ್ನಲ್ಲಿ ಅಂಟಿನ ವಾಸನೆ ಬಿಟ್ಟರೆ ಬೇರೇನೂ ಇಲ್ಲ. ಅವಳು ಏನು ತಿಂದಳು?"

"ಯಾವುದೋ ಗೆಡ್ಡೆ."

"ಯಾವ ಗೆಡ್ಡೆ? ನೀರು ಎಲ್ಲಿ ಸಿಕ್ಕಿತು?"

"ಅದನ್ನು ಹೇಳುವಷ್ಟರಲ್ಲಿ ಇಬ್ಬರು ತರುಣರು ಬಂದರು. ಯಾರಿಗೆ ಒಲಿಯಲಿ ಎಂದು ಅವಳು ಕೊನೆಯವರೆಗೂ ಯೋಚಿಸುತ್ತಾಳೆ. ಒಬ್ಬನ ಕಣ್ಣು ಬೂದು, ಇನ್ನೊಬ್ಬನದು..."

"ಅವಳ ಜೊತೆ ಮನೆಯವರು ಯಾರೂ ಇರಲಿಲ್ಲವೇ?"

"ಪುಟ್ಟ ತಮ್ಮನಿದ್ದ. ಹಸಿವೆಂದು ಅಳುತ್ತಿದ್ದ. ತರುಣರು ಬಂದ ಮೇಲೆ ಅವನ ಸುದ್ದಿಯೇ ಬರುವುದಿಲ್ಲ."

ಇಲಿಯ ಮೀಸೆ ನಿಮಿರಿತು. "ಅಳುವ ಮಗುವನ್ನು ಅಲ್ಲೇ ಬಿಟ್ಟು ಕಣ್ಣಿನ ಬಣ್ಣ ನೋಡುತ್ತ ಕೂತೆಯಾ? ಇದನ್ನು ಬದುಕುಳಿಯುವುದು ಅನ್ನುತ್ತೀಯಾ?"

ಅದು ಬೂದುಗಣ್ಣಿನವನನ್ನೂ ಇನ್ನೊಬ್ಬನನ್ನೂ ಪರಪರನೆ ಹರಿದು ಹಾಸಿತು. ಮರಿಗಳ ನಡುಕ ನಿಂತಿತು. ತಮ್ಮನಿದ್ದ ಹಾಳೆಯನ್ನು ಮಾತ್ರ ಮುಟ್ಟಲಿಲ್ಲ.

"ಅದೊಂದನ್ನೇಕೆ ಬಿಟ್ಟೆ?" ಎಂದಿತು ಕಾದಂಬರಿ.

"ಅದರೊಳಗೊಂದು ಮಗುವಿದೆ. ಅದಕ್ಕಿನ್ನೂ ಊಟವಾಗಿಲ್ಲ," ಎಂದಿತು ಇಲಿ.