ನೀರಿನ ಚೌಕದಿಂದ ಕರೆ

ಬೊಮ್ಮುವಿಗೆ ಒಂದು ಅಭ್ಯಾಸ. ಯಾರು ಏನು ಹೇಳಿದರೂ ಹೆಗಲ ಮೇಲಿನ ಟವೆಲಿನ ತುದಿಗೆ ಒಂದು ಗಂಟು ಹಾಕುತ್ತಿದ್ದ. ಗಂಟು ಬಿಗಿಯುವಾಗ ಆ ಮಾತನ್ನು ತುಟಿಯೊಳಗೇ ಇನ್ನೊಮ್ಮೆ ಹೇಳಿಕೊಳ್ಳುತ್ತಿದ್ದ. ಆಮೇಲೆ ಬೇರೆ ಮಾತು ಹೇಳಿದರೋ, ಹಳೆಯ ಗಂಟು ಬಿಚ್ಚುವುದು, ಹೊಸ ಗಂಟು ಹಾಕುವುದು. ಎರಡು ಗಂಟು ಅಂತ ಯಾವತ್ತೂ ಇಲ್ಲ.

"ಟವೆಲಿಗೆ ನಾಲ್ಕು ತುದಿ ಇದ್ಯಲ್ಲೋ!" ಅಂದರೆ, "ಗಂಟು ಒಂದೇ ಇರ್ಲಿ. ಎರಡಾದ್ರೆ ಯಾವ್ದು ಯಾವ ಮಾತಿಂದು ಅಂತ ಗೊತ್ತಾಗೂದಿಲ್ಲ" ಅನ್ನುತ್ತಿದ್ದ.

ವಯಸ್ಸು ಇಪ್ಪತ್ತೇಳು. ಆಳು ತೆಂಗಿನ ಮರದಷ್ಟು. ಬುದ್ಧಿ ಆ ಒಂದು ಗಂಟಿನಷ್ಟು.

ಅವನ ಆಯಿ ತುಳಸಕ್ಕ. ಗಂಡ ಹಡಗಿನಲ್ಲಿ ವೈರ್‌ಲೆಸ್ ಕೆಲಸದವ. ಅವನು ತೀರಿಕೊಂಡಾಗ ಅವಳಿಗೆ ಉಳಿದದ್ದು ಎರಡು, ಈ ಮಗ ಮತ್ತು ಒಂದು ರೇಡಿಯೊ. ಮಗ ಹೇಳಿದ್ದು ಅವಳಿಗೆ ಅರ್ಥವಾಗುತ್ತಿರಲಿಲ್ಲ, ಅವಳು ಹೇಳಿದ್ದು ಮಗನಿಗೆ ಅರ್ಥವಾಗುತ್ತಿರಲಿಲ್ಲ. ರೇಡಿಯೊ ಮಾತ್ರ ಕೇಳಿದ್ದಕ್ಕೆ ಉತ್ತರ ಕೊಡುತ್ತಿತ್ತು. ತುಳಸಕ್ಕ ಪರೀಕ್ಷೆ ಕಟ್ಟಿದಳು, ಲೈಸೆನ್ಸ್ ತೆಗೆದುಕೊಂಡಳು, ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವ ಹ್ಯಾಮ್ ಆದಳು.

ಈ ಹ್ಯಾಮ್ ರೇಡಿಯೊದವರ ಒಂದು ಹುಚ್ಚು ಕೇಳಿ. ಭೂಮಿಯನ್ನೆಲ್ಲ ಗೆರೆ ಎಳೆದು ಚೌಕ ಚೌಕ ಮಾಡಿದ್ದಾರೆ. ಪ್ರತಿ ಚೌಕಕ್ಕೂ ಒಂದು ಹೆಸರು. ಕಡಲ ದಂಡೆಯಲ್ಲಿದ್ದ ತುಳಸಕ್ಕನ ಮನೆಯ ಚೌಕ ಎಂಕೆ ಎಪ್ಪತ್ನಾಲ್ಕು. ಮೇಲೆ ಆಕಾಶದಲ್ಲಿ ಒಂದು ಪುಟ್ಟ ಉಪಗ್ರಹ ಸುತ್ತುತ್ತದೆ. ಬರುತ್ತದೆ, ಹತ್ತು ನಿಮಿಷ ಇರುತ್ತದೆ, ಮುಳುಗುತ್ತದೆ. ಆ ಹತ್ತು ನಿಮಿಷ ಆಂಟೆನಾವನ್ನು ಅದರ ಕಡೆ ಹಿಡಿದು ಮಾತಾಡಿದರೆ ಸಾವಿರ ಮೈಲಿ ಆಚೆಯವನಿಗೂ ಕೇಳುತ್ತದೆ. ಆದರೆ ಒಂದು ಸಲಕ್ಕೆ ಒಬ್ಬರ ದನಿ ಮಾತ್ರ. "ನನ್ನ ಕರೆಹೆಸರು ಇದು, ನನ್ನ ಚೌಕ ಇದು." "ನನ್ನದು ಇದು." ಆಯಿತು! ಪುಸ್ತಕದಲ್ಲಿ ಬರೆದುಕೊಳ್ಳುವುದು. ಹೊಸ ಚೌಕ ಸಿಕ್ಕಿತು ಅಂತ ಕುಣಿಯುವುದು.

ತುಳಸಕ್ಕನ ಎದೆಯಲ್ಲಿ ಒಂದು ಹೆದರಿಕೆ ಯಾವಾಗಲೂ ಕೂತಿರುತ್ತಿತ್ತು. ನಾನಿಲ್ಲದ ದಿನ ಇವನ ಗತಿ ಎಂತಾ? ಹತ್ತು ಜನರ ಸಂಗಡ ಮಾತಾಡುವುದಾದರೂ ಕಲಿಯಲಿ ಅಂತ ಮಗನನ್ನೂ ಪರೀಕ್ಷೆಗೆ ಕೂರಿಸಿದಳು. ಪುಸ್ತಕವಿಡೀ ಅಕ್ಷರ ಬಿಡದೆ ಒಪ್ಪಿಸಿದ, ಪಾಸಾದ! ಒಂದಕ್ಕೂ ಅರ್ಥ ಗೊತ್ತಿರಲಿಲ್ಲ, ಆ ಮಾತು ಬೇರೆ.

ಮೊದಲ ದಿನ ಮಗನನ್ನು ತಾರಸಿಗೆ ಹತ್ತಿಸಿದಳು.

"ನೋಡು, ಉಪಗ್ರಹ ಎಲ್ಲಿದೆ ಅಂತ ಫೋನು ತೋರಿಸ್ತದೆ. ಅದು ಹೋದ ಕಡೆ ನೀನೂ ಹೋಗು. ಬಿಡ್ಬೇಡ!"

"ಬಿಡೂದಿಲ್ಲ ಆಯಿ." ಗಂಟು ಹಾಕಿದ.

ಉಪಗ್ರಹ ತೆಂಕಿಂದ ಬಡಗಿಗೆ ಹೊರಟಿತು. ಬೊಮ್ಮುವೂ ಹೊರಟ. ಕಣ್ಣು ಆಕಾಶದಲ್ಲಿ, ಕಾಲು ತಾರಸಿಯಲ್ಲಿ. ತಾರಸಿ ಮುಗಿಯಿತು. ಬೊಮ್ಮು ಮುಗಿಯಲಿಲ್ಲ. ಧಡಾರ್!

ಬಟ್ಟೆ ಒಗೆಯುತ್ತಿದ್ದ ತುಳಸಕ್ಕನ ಕೈಯಿಂದ ಸೋಪು ಜಾರಿತು. "ಅಯ್ಯೋ ದೇವರೇ, ಹೋಯ್ತು ನನ್ನ ಕೂಸು!" ಅಂತ ಓಡಿದಳು. ಪಕ್ಕದ ಮನೆ ದೇವಿ ಅಜ್ಜಿಯ ಕೊಟ್ಟಿಗೆಯ ಹೆಂಚು ಪುಡಿಪುಡಿ. ಕೊಟ್ಟಿಗೆಯೊಳಗೆ ಎಮ್ಮೆ, ಎಮ್ಮೆಯ ಮೇಲೆ ಬೊಮ್ಮು, ಬೊಮ್ಮುವಿನ ಕೈಯಲ್ಲಿ ಆಂಟೆನಾ.

"ಆಯಿ, ಈ ಎಮ್ಮೆಗೆ ಬಡಗು ದಿಕ್ಕು ಯಾವ್ದು ಅಂತ್ಲೇ ಗೊತ್ತಿಲ್ಲ!"

"ನನ್ನ ಎಮ್ಮೆಗೆ ಬುದ್ಧಿ ಇದೆ, ಹಾಗಾಗಿ ನಿಂತದೆ!" ಅಂತ ದೇವಿ ಅಜ್ಜಿ ಕೂಗಿದಳು.

ಮಗನ ಮೂಳೆಯೆಲ್ಲ ಸವರಿ ನೋಡಿದ ಮೇಲೆ ತುಳಸಕ್ಕನಿಗೆ ಉಸಿರು ಬಂತು. ಉಸಿರು ಬಂದ ಮೇಲೆ ಬೈಗುಳ ಬಂತು.

"ಕತ್ತು ಮುರಿದಿದ್ರೆ ಎಂತಾ ಮಾಡ್ತಿದ್ಯೋ ಪೆದ್ದಾ! ಆಂಟೆನಾ ಹಿಡ್ದಾಗ ನಿಂತಲ್ಲೇ ನಿಲ್ಬೇಕು! ಭೂಮಿ ಬಾಯಿ ಬಿಟ್ರೂ ಕಾಲು ಕದಲಿಸ್ಬಾರ್ದು!"

"ಇನ್ನು ಹಾಗೇ ಮಾಡ್ತೆ ಆಯಿ." ಹಳೆಯ ಗಂಟು ಬಿಚ್ಚಿದ, ಹೊಸ ಗಂಟು ಹಾಕಿದ.

ಮುಂದಿನ ವಾರ ಮರಳ ದಂಡೆಗೆ ಹೋಗಿ ನಿಂತ. ಏಪ್ರಿಲ್ ತಿಂಗಳ ನಡು. ಕಡಲ ಮೇಲೆ ಕಪ್ಪು ಕವಿಯಿತು. ಗಾಳಿ ಬಂತು, ಗುಡುಗು ಬಂತು, ಮೀನು ಒಣ ಹಾಕಿದವರೆಲ್ಲ ಬುಟ್ಟಿ ಬಿಟ್ಟು ಓಡಿದರು. ಬೊಮ್ಮು ಓಡಲಿಲ್ಲ. ಬಯಲಿನಲ್ಲಿ ಒಬ್ಬನೇ, ಎತ್ತಿದ ಕೈಯಲ್ಲಿ ಅಲ್ಯೂಮಿನಿಯಂ ಸರಳು, ಸಿಡಿಲಿಗೆ ಕೈ ಬೀಸಿ ಕರೆದ ಹಾಗೆ.

"ಬೊಮ್ಮೂ! ಓಡಿ ಬಾರೋ!" ಮನೆ ಬಾಗಿಲಿಂದ ತುಳಸಕ್ಕ ಅರಚಿದಳು. ಗಾಳಿಗೆ ಅವಳ ದನಿ ಅವಳಿಗೇ ಕೇಳಲಿಲ್ಲ.

ಫಳ್! ಇಪ್ಪತ್ತು ಮಾರು ಆಚೆಯ ತೆಂಗಿನ ಮರ ಸೀಳಿತು. ತುಳಸಕ್ಕ ಮಳೆಯಲ್ಲೇ ಓಡಿ ಹೋಗಿ ಅವನನ್ನು ಮರಳ ಮೇಲೆ ಕೆಡವಿ, ಮೇಲೆ ತಾನು ಬಿದ್ದಳು.

"ನಂಗೂ ಹೆದ್ರಿಕೆ ಆಯ್ತು ಆಯಿ. ಆದ್ರೆ ಕಾಲು ಕದಲಿಸ್ಲಿಲ್ಲ!"

"ಹೆದ್ರಿಕೆ ಆದ್ರೆ ಕೂಗ್ಬೇಕೋ! ಅಪಾಯ ಅಂತ ಕಂಡ್ರೆ ಗಂಟ್ಲು ಹರಿಯೂ ಹಾಗೆ ಕೂಗ್ಬೇಕು! ಊರೆಲ್ಲ ಕೇಳ್ಬೇಕು!"

"ಇನ್ನು ಹಾಗೇ ಮಾಡ್ತೆ ಆಯಿ." ಒದ್ದೆ ಟವೆಲಿನ ಗಂಟು ಬಿಚ್ಚಿದ, ಹೊಸ ಗಂಟು ಹಾಕಿದ.

ಆಮೇಲಿನದು ಕೇಳಿ. ರಾಜಸ್ಥಾನದ ಮರಳುಗಾಡಿನಲ್ಲಿ ಒಬ್ಬರು ಮೇಷ್ಟ್ರು. ಯಾರೂ ಇಲ್ಲದ ಒಂದು ಚೌಕಕ್ಕೆ ಎರಡು ದಿನ ಒಂಟೆಯ ಮೇಲೆ ಕೂತು ಹೋಗಿದ್ದರು. ಆ ಚೌಕಕ್ಕಾಗಿ ದೇಶವಿಡೀ ಕಿವಿ ತೆರೆದು ಕಾಯುತ್ತಿತ್ತು. ಮೇಷ್ಟ್ರು ಬಾಯಿ ತೆರೆದರು. ಅಷ್ಟರಲ್ಲಿ ಬೊಮ್ಮುವಿನ ಎದುರು ಬೇಲಿಯ ಮೇಲೆ ಒಂದು ಓತಿಕ್ಯಾತ ಬಂದು ಕೂತಿತು.

"ಅಪಾಯ! ಅಪಾಯ! ಬನ್ರೋ! ಆಯೀ! ಸತ್ತೆ!"

ಕೈಯಲ್ಲಿ ಮೈಕಿನ ಗುಂಡಿ ಒತ್ತಿದ್ದು ಒತ್ತಿದ ಹಾಗೇ. ಆ ಹತ್ತು ನಿಮಿಷ ಉಪಗ್ರಹದ ತುಂಬ ಬೊಮ್ಮುವಿನ ಕೂಗು. ಭಾಷೆ ಗೊತ್ತಿಲ್ಲದವರಿಗೂ ಹೆದರಿಕೆ ಗೊತ್ತಾಯಿತು. ಎಲ್ಲೆಲ್ಲಿಂದಲೋ ಫೋನು ಹೋಯಿತು. ಮಧ್ಯಾಹ್ನದೊಳಗೆ ಬಾಗಿಲಲ್ಲಿ ಪೊಲೀಸ್ ಜೀಪು!

"ಯಾರಮ್ಮಾ ಸತ್ತದ್ದು?"

"ಓತಿಕ್ಯಾತ ತಲೆ ಅಲ್ಲಾಡಿಸ್ತು ಸಾಹೇಬ್ರೇ!" ಅಂದ ಬೊಮ್ಮು.

ಲೈಸೆನ್ಸ್ ಹೋಗುತ್ತದೋ, ಮಗನನ್ನೇ ಎತ್ತಿಕೊಂಡು ಹೋಗುತ್ತಾರೋ ಅಂತ ತುಳಸಕ್ಕ ಹೆದರಿದಳು. ಕೈ ಮುಗಿದಳು, ಚಾ ಕೊಟ್ಟಳು, ಮತ್ತೆ ಕೈ ಮುಗಿದಳು. ಜೀಪು ತಿರುಗಿದ ಮೇಲೆ ಮಗನ ಕಿವಿ ಹಿಡಿದಳು.

"ಏ ಮಂಕೇ! ಕರೆಹೆಸರು, ಚೌಕ! ಅಷ್ಟೇ ಹೇಳ್ಬೇಕು! ಯಾರು ಎಂತಾ ಕೇಳಿದ್ರೂ ಅದ್ರ ಮೇಲೆ ಒಂದು ಅಕ್ಷರ ಜಾಸ್ತಿ ಬಂದ್ರೆ ನಾಲಿಗೆ ಸುಡ್ತೆ!"

"ಇನ್ನು ಹಾಗೇ ಮಾಡ್ತೆ ಆಯಿ." ಬಿಚ್ಚಿದ, ಹಾಕಿದ.

ಹದಿನೈದು ದಿನವಾಗಿರಬೇಕು. ತುಳಸಕ್ಕ ಹಿತ್ತಲಲ್ಲಿ ಸೋಗೆ ಎತ್ತಿದಳು. ಸೋಗೆಯಡಿ ಹಾವು. ಕಾಲಿಗೆ ಕಚ್ಚಿ ಸರಿದು ಹೋಯಿತು.

"ಬೊಮ್ಮೂ! ಜಟ್ಟಪ್ಪ ಮಾವಂಗೆ ಫೋನ್ ಮಾಡೋ! ಬೇಗ! ಹಾವು!"

ಜಟ್ಟಪ್ಪ ಅಂದರೆ ತುಳಸಕ್ಕನ ತಮ್ಮ, ಬೋಟು ಇಟ್ಟುಕೊಂಡವ. ಬೊಮ್ಮು ಕೂಡಲೇ ಫೋನ್ ಮಾಡಿದ.

"ಎಂತಾ ಬೊಮ್ಮು?"

ಬೊಮ್ಮು ತನ್ನ ಕರೆಹೆಸರು ಹೇಳಿದ. "ಎಂಕೆ ಎಪ್ಪತ್ನಾಲ್ಕು" ಅಂದ.

"ಅದಿರ್ಲಿ ಮಾರಾಯಾ, ಎಂತಾ ಆಯ್ತು? ಅಕ್ಕ ಎಲ್ಲಿ?"

ಬೊಮ್ಮು ಕರೆಹೆಸರು ಹೇಳಿದ. "ಎಂಕೆ ಎಪ್ಪತ್ನಾಲ್ಕು."

"ನಿನ್ನ ಎಪ್ಪತ್ನಾಲ್ಕಕ್ಕೆ ಬೆಂಕಿ ಹಾಕ! ಇಲ್ಲಿ ಬಲೆ ಎಳೀತಿದ್ದೆ, ಇಡು ಫೋನು!"

ಇಟ್ಟ. ಅಂಗಳದಲ್ಲಿ ತುಳಸಕ್ಕ ಗೋಡೆ ಹಿಡಿದು ಕುಸಿಯುತ್ತಿದ್ದಳು, ಕಣ್ಣು ಮಂಜಾಗುತ್ತಿತ್ತು. ಬೊಮ್ಮು ಪಕ್ಕದಲ್ಲಿ ಕೂತು ಅವಳ ಕಾಲು ಒತ್ತುತ್ತಿದ್ದ, ಬಾಯಿ ಬಿಗಿ ಹಿಡಿದು ಅಳುತ್ತಿದ್ದ. ದೇವಿ ಅಜ್ಜಿ ಸೌದೆ ಕೇಳಲು ಬರದೇ ಇದ್ದಿದ್ದರೆ ಈ ಕತೆ ಅಲ್ಲಿಗೇ ಮುಗಿಯುತ್ತಿತ್ತು. ಅಜ್ಜಿ ಬೀದಿಗೆ ಕೇಳುವ ಹಾಗೆ ಬೊಬ್ಬೆ ಹೊಡೆದಳು. ರಿಕ್ಷಾ ಬಂತು, ಆಸ್ಪತ್ರೆ ಸಿಕ್ಕಿತು, ಜೀವ ಉಳಿಯಿತು.

ಮೂರನೇ ದಿನ ಆಸ್ಪತ್ರೆಯ ಮಂಚದಿಂದಲೇ ಬೈದಳು.

"ಹಡೆದವ್ಳು ಸಾಯ್ತಾ ಬಿದ್ದಾಗ ಬಾಯಿಗೆ ಎಂತಾ ಬಡ್ಕಂಡಿತ್ತೋ! ಕರೆದ್ರೆ ಮಾತಾಡು! ಎಷ್ಟು ಸಲ ಕರೆದ್ರೆ ಅಷ್ಟು ಸಲ ಮಾತಾಡು! ಎಲ್ಲರಿಗಿಂತ ಮೊದ್ಲು ಮಾತಾಡು!"

"ಇನ್ನು ಹಾಗೇ ಮಾಡ್ತೆ ಆಯಿ." ಬಿಚ್ಚಿದ, ಹಾಕಿದ.

ಈಗ ಆ ನೀರಿನ ಚೌಕದ ಮಾತು. ಮನೆಯೆದುರು ಕಡಲಿನೊಳಗೆ ಇಪ್ಪತ್ತು ಮೈಲಿ ಹೋದರೆ ಎಂಕೆ ಎಪ್ಪತ್ನಾಲ್ಕು ಮುಗಿದು ಎಂಕೆ ಅರವತ್ನಾಲ್ಕು ಶುರುವಾಗುತ್ತದೆ. ಅಲ್ಲಿ ಮನೆಯಿಲ್ಲ, ಮರವಿಲ್ಲ, ನಿಲ್ಲಲು ಒಂದು ಬಂಡೆಯಿಲ್ಲ. ಯಾರಿದ್ದಾರೆ ಅಲ್ಲಿಂದ ಮಾತಾಡಲು? ಎಲ್ಲರ ಪುಸ್ತಕದಲ್ಲೂ ಆ ಚೌಕ ಖಾಲಿ. "ಅಕ್ಕಾ, ಬೋಟಿನಲ್ಲಿ ಹೋಗಿ ಅದೊಂದು ಚೌಕ ಕೊಡಿ" ಅಂತ ದೇಶದ ಮೂಲೆಮೂಲೆಯಿಂದ ಬೇಡುತ್ತಿದ್ದರು. ಎರಡು ವರ್ಷ ತುಳಸಕ್ಕ ಹೆದರಿ ಒಲ್ಲೆ ಅಂದಿದ್ದಳು. ಹಾವಿನ ಬಾಯಿಂದ ಎದ್ದು ಬಂದ ಮೇಲೆ ಹೇಳಿದಳು, "ಇನ್ನು ಯಾವಾಗ ಅಂತ ಕಾಯೂದು? ಜಟ್ಟಪ್ಪಾ, ಬೋಟು ತೆಗಿ."

ಹೊರಡುವ ಬೆಳಿಗ್ಗೆ ಮಗನನ್ನು ಎದುರಿಗೆ ಕೂರಿಸಿಕೊಂಡಳು.

"ಇವತ್ತು ಉಪಗ್ರಹದ್ದು ಎರಡು ಸುತ್ತು. ಮೊದ್ಲಿನ ಸುತ್ತು ನೆತ್ತಿ ಮೇಲೆ ಬರ್ತದೆ, ದೇಶಕ್ಕೆಲ್ಲ ಕೇಳ್ತದೆ. ಒಂದೂವರೆ ತಾಸು ಬಿಟ್ಟು ಎರಡನೇ ಸುತ್ತು. ಅದು ಕಡಲ ಕಡೆ ವಾಲ್ತದೆ, ಒಳನಾಡಿನವ್ರಿಗೆ ಸಿಗೂದಿಲ್ಲ. ಆಗ ನನ್ನ ದನಿ ನಿಂಗೊಬ್ಬಂಗೇ. ಅಲ್ಲಿ ಫೋನು ನಡಿಯೂದಿಲ್ಲ. ಎಂತಾದ್ರೂ ಆದ್ರೆ ನಾ ನಿಂಗೆ ಹೇಳೂದು, ನೀ ಬಂದರಿಗೆ ಓಡಿ ಹೇಳೂದು."

"ಗಂಟು ಬಿಚ್ಚಿ ಇದನ್ನ ಹಾಕ್ಲಾ ಆಯಿ?"

"ಬೇಡ ಬೇಡ!" ತುಳಸಕ್ಕ ಅವನ ಕೈ ಹಿಡಿದಳು. "ಕರೆದ್ರೆ ಮಾತಾಡು ಅನ್ನೋ ಗಂಟು ಹಾಗೇ ಇರ್ಲಿ. ಇವತ್ತು ಅದೇ ಬೇಕು."

ಬೋಟು ಹೋಯಿತು. ಬೊಮ್ಮು ತಾರಸಿ ಹತ್ತಿದ. ಹತ್ತು ಇಪ್ಪತ್ತಕ್ಕೆ ಉಪಗ್ರಹ ಎದ್ದಿತು.

"ಎಂಕೆ ಅರವತ್ನಾಲ್ಕು! ಎಂಕೆ ಅರವತ್ನಾಲ್ಕು! ಯಾರು ಕೇಳ್ತಿದ್ದೀರಿ?"

ಎಲ್ಲರಿಗಿಂತ ಮೊದಲು ಬೊಮ್ಮು! ಕರೆಹೆಸರು ಹೇಳಿದ, ಚೌಕ ಹೇಳಿದ, ಪುಸ್ತಕದಲ್ಲಿ ಬರೆದ. ಕಡಲ ನಡುವೆ ತುಳಸಕ್ಕನ ಕಣ್ಣು ತುಂಬಿತು. ಕಲಿತ ನನ್ನ ಮಗ!

"ಮುಂದಿನವರು ಯಾರು?"

ಬೊಮ್ಮು!

"ನಿಂದಾಯ್ತು ಮಗಾ. ಬೇರೆಯವ್ರು?"

ಬೊಮ್ಮು!

ಮೇಷ್ಟ್ರ ದನಿ ಅರ್ಧಕ್ಕೆ ಮುಳುಗಿತು. ಗುಜರಾತಿನ ಡಾಕ್ಟರ ದನಿ ಕಾಲುಭಾಗಕ್ಕೇ ಮುಳುಗಿತು. ಎಷ್ಟು ಸಲ ಕರೆದರೆ ಅಷ್ಟು ಸಲ ಬೊಮ್ಮು. ಏಳು ನಿಮಿಷ ಹೋಯಿತು, ಎಂಟು ಹೋಯಿತು. ತುಳಸಕ್ಕನ ಸಿಟ್ಟು ನೆತ್ತಿಗೇರಿತು.

"ಏ ಬೊಮ್ಮು! ಮುಚ್ಚೋ ಬಾಯಿ! ಒಂದ್ಸಲ ಪುಸ್ತಕಕ್ಕೆ ಬಂದ ಚೌಕಕ್ಕೆ ಎರಡನೇ ಸಲ ಉತ್ತರ ಕೊಡೂದಲ್ಲ! ನಾನೇ ಕರೆದ್ರೂ ಇಲ್ಲ! ಅತ್ತು ಕರೆದ್ರೂ ಇಲ್ಲ! ಸಂಜೆಗೆ ನಾ ಬಂದು ನನ್ನ ಕೈಯಾರೆ ಬಿಚ್ಚೂವರೆಗೆ ಈ ಗಂಟು ಬಿಚ್ಚಿದ್ಯೋ, ನೀ ನನ್ನ ಮಗನೇ ಅಲ್ಲ!"

ಬೊಮ್ಮು ಮೈಕಿನಿಂದ ಕೈ ತೆಗೆದ. ಉತ್ತರ ಕೊಡಲಿಲ್ಲ. ಹಳೆಯ ಗಂಟು ಬಿಚ್ಚಿದ, ಹೊಸ ಗಂಟು ಹಾಕಿದ, ಹಲ್ಲಿನಿಂದ ಕಚ್ಚಿ ಎಳೆದು ಬಿಗಿದ. ಕೊನೆಯ ನಿಮಿಷದಲ್ಲಿ ಮೇಷ್ಟ್ರಿಗೊಬ್ಬರಿಗೆ ಚೌಕ ಸಿಕ್ಕಿತು. ಉಪಗ್ರಹ ಮುಳುಗಿತು.

ಒಂದೂವರೆ ತಾಸು. ಗಾಳಿ ಎದ್ದಿತು. ಪಡುವಣದಲ್ಲಿ ಕಡಲಿಗೂ ಆಕಾಶಕ್ಕೂ ನಡುವಿನ ಗೆರೆ ಅಳಿಸಿ ಹೋಯಿತು. ಎರಡನೇ ಸುತ್ತು ಎದ್ದಿತು, ಕಡಲ ಕಡೆ ವಾಲಿಕೊಂಡು.

"ಎಂಕೆ ಅರವತ್ನಾಲ್ಕು! ಬೊಮ್ಮೂ! ಬೊಮ್ಮೂ!"

ಬೊಮ್ಮು ಪುಸ್ತಕ ತೆರೆದ. ಸಾಲಿನ ಮೇಲೆ ಬೆರಳಿಟ್ಟ. ಎಂಕೆ ಅರವತ್ನಾಲ್ಕು, ಹತ್ತು ಇಪ್ಪತ್ತು. ಬಂದಾಗಿದೆ. ಪುಸ್ತಕ ಮುಚ್ಚಿದ.

"ಮಶೀನು ನಿಂತದೆ ಬೊಮ್ಮೂ! ಅಡಿಹಲಗೆ ಬಿಟ್ಟು ನೀರು ಬರ್ತಿದೆ! ಬೋಟಿನ ಬ್ಯಾಟರಿ ಮುಳುಗಿ ಹೋಯ್ತು, ಅದ್ರ ವೈರ್‌ಲೆಸ್ ಸತ್ತದೆ! ಮಾವ ನೀರು ತೋಡಿ ತೋಡಿ ಹಾಕ್ತಿದ್ದಾನೆ! ಓಡು, ಬಂದರಿಗೆ ಹೇಳು!"

ಬಂದರಿಗೆ ಹೇಳಬೇಕಾದರೆ ಬಾಯಿ ತೆಗೆಯಬೇಕು. ಬಾಯಿ ತೆಗೆದರೆ ಆಯಿಗೆ ನಾನು ಮಗನೇ ಅಲ್ಲ. ಆಯಿ ಪರೀಕ್ಷೆ ಮಾಡ್ತಿದ್ದಾಳೆ ಅಂದುಕೊಂಡ ಬೊಮ್ಮು. ಅತ್ತು ಕರೆದ್ರೂ ಇಲ್ಲ ಅಂತ ಮೊದಲೇ ಹೇಳಿದ್ದಾಳಲ್ಲ! ಈಗ ಅಳುತ್ತಿದ್ದಾಳೆ. ನಾನು ಸೋಲೂದಿಲ್ಲ.

ಆಂಟೆನಾ ಎಷ್ಟು ಚೆನ್ನಾಗಿ ಹಿಡಿದಿದ್ದ ಅಂದರೆ ಅವಳ ಏದುಸಿರೂ ಕೇಳುತ್ತಿತ್ತು. ನೀರು ಚೆಲ್ಲುವ ಸದ್ದೂ ಕೇಳುತ್ತಿತ್ತು.

"ಬೊಮ್ಮೂ, ಕೇಳ್ತದ್ಯಾ? ಆ ಮಾತು ಬಿಡು, ಸಿಟ್ಟಿಗೆ ಹೇಳಿದ್ದು! ಮಾತಾಡು!"

ಕೈಯಾರೆ ಬಿಚ್ಚೂವರೆಗೆ ಅಂದಿದ್ದಾಳೆ. ಬೊಮ್ಮುವಿನ ಕಣ್ಣಲ್ಲಿ ದಳದಳ ನೀರು. ಬಾಯಿ ತಾನಾಗಿ ತೆರೆಯಲು ಹೊರಟಿತು. ಹೆದರಿ, ಅಂಗೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡ.

"ಬೊಮ್ಮೂ, ನೀರು ಮೊಣಕಾಲಿಗೆ ಬಂತು. ಹೆಸರು ಬೇಡ, ಚೌಕ ಬೇಡ. ಅಲ್ಲಿದ್ರೆ ಬರೀ ಹೂಂ ಅನ್ನು."

ಬೊಮ್ಮು ಬಾಯಿ ಮುಚ್ಚಿಕೊಂಡೇ, ಆಕಾಶದ ಕಡೆ ಮುಖ ಮಾಡಿ, ಆಯಿಗೆ ಕಾಣಲಿ ಅಂತ, ಹೂಂ ಅನ್ನುವ ಹಾಗೆ ದೊಡ್ಡದಾಗಿ ತಲೆ ಅಲ್ಲಾಡಿಸಿದ. ಒಂದು ಸಲ. ಎರಡು ಸಲ. ಮೂರು ಸಲ.

ಉಪಗ್ರಹ ನೀರಿನಂಚಿಗೆ ಇಳಿಯಿತು. ದನಿ ಸಣ್ಣದಾಯಿತು.

"ಒಂದೇ ಒಂದ್ಸಲ ಹೂಂ ಅನ್ನೋ, ನನ್ನ ಮಗನೇ..."