ನೆಲಗೂಡಿನವರ ಕೋಣೆ

ಬೆಕ್ಕಿನ ಕಾಟದ ಬಗ್ಗೆ ಚರ್ಚಿಸಲು ನವಿಲು ಆನ್‌ಲೈನ್ ಸಭೆ ಕರೆಯಿತು. ಹಕ್ಕಿಗಳೆಲ್ಲ ಸೇರಿದವು. ಉದ್ದದ ಭಾಷಣ ಮುಗಿಸಿ ನವಿಲು, "ಈಗ ನೀವು ಮಾತಾಡಿ" ಎಂದಿತು. ಒಂದು ಮೈಕೂ ಆನ್ ಆಗಲಿಲ್ಲ.

"ಯಾರಿಗೂ ಆಸಕ್ತಿಯೇ ಇಲ್ಲ" ಎಂದು ನವಿಲು ಸಿಡುಕಿತು.

"ಇಷ್ಟು ಜನರ ಮುಂದೆ ಯಾರು ಬಾಯಿ ಬಿಡುತ್ತಾರೆ, ಸ್ವಾಮಿ?" ಎಂದಿತು ಗುಬ್ಬಿ. "ಗೂಡು ಎಲ್ಲಿದೆಯೆಂದು ನೋಡಿ ಗುಂಪು ಮಾಡಿ. ಮರದ ಮೇಲಿನವರಿಗೆ ಒಂದು ಆನ್‌ಲೈನ್ ಕೋಣೆ, ನೆಲದವರಿಗೆ ಇನ್ನೊಂದು."

ನವಿಲು ಒಲ್ಲದ ಮನಸ್ಸಿನಿಂದ ಹಾಗೇ ಮಾಡಿತು. ಎರಡೂ ಕೋಣೆಗಳಲ್ಲಿ ಮಾತೋ ಮಾತು. ಉಸ್ತುವಾರಿಗೆಂದು ಅದು ನೆಲದವರ ಕೋಣೆಗೆ ಹೋದಾಗ, ಅಲ್ಲಿ ಮಾತಾಡುತ್ತಿದ್ದುದು ಅದರ ಹೆಂಡತಿಯೇ.

"ನೀನೇನು ಇಲ್ಲಿ?"

"ನಮ್ಮ ಗೂಡೂ ನೆಲದ ಮೇಲೇ ಅಲ್ಲವೇ? ನಮ್ಮ ಮೊಟ್ಟೆಗಳನ್ನು ಬೆಕ್ಕು ನಿನ್ನೆಯೇ ತಿಂದಿತು, ರೀ. ಹೇಳೋಣವೆಂದರೆ ನೀವು ಭಾಷಣದ ತಯಾರಿಯಲ್ಲಿದ್ದಿರಿ."